ಬೋರ್ಡಣ್ಣ ಬರೆದ ನಕ್ಷೆ

ಈ ಊರಿನಲ್ಲಿ ಯಾರು ದಾರಿ ತಪ್ಪಿದರೂ ಬೋರ್ಡಣ್ಣನ ಅಕ್ಷರವೇ ದಾರಿ ತೋರಿಸಬೇಕು. ಬಸ್ ನಿಲ್ದಾಣ, ಶಾಲೆ, ಹಲ್ಲಿನ ಡಾಕ್ಟರ ಮನೆ, ಎಲ್ಲ ಬೋರ್ಡೂ ಅವನ ಕೈಬರಹವೇ. ಹರೆಯದಲ್ಲಿ ಎರಡು ಬ್ರಷ್ಷು ಹಿಡಿದು ಗಡಿ ದಾಟಿ ಬಂದವನು; ಈಗ ಮಂಡಿನೋವು, ಏಣಿ ಹತ್ತಿದರೆ ಇಳಿಯುವುದಕ್ಕೆ ದೇವರೇ ಗತಿ.

ಅಂಥವನನ್ನು ಜಿಲ್ಲಾ ಕಚೇರಿಯವರು ಕರೆಸಿ, ಹಜಾರದ ಗೋಡೆಯ ಮೇಲೆ ದೇಶದ ನಕ್ಷೆ ಬರೆಯಲು ಹೇಳಿದರು. ಯಾವ ಪ್ರಾಂತ್ಯದಲ್ಲಿ ಯಾವ ಹೊರಗಿನವರು ಹೆಚ್ಚು ಎಂದು ತೋರಿಸಲು ಒಂದೊಂದಕ್ಕೂ ಒಂದೊಂದು ಬಣ್ಣ, ಕೆಳಗೆ ತಲೆಗಳ ಲೆಕ್ಕ. ಕರಾವಳಿಗೆ ದ್ವೀಪದವರು, ನೀಲಿ. ಗಣಿ ಸೀಮೆಗೆ ಬೆಟ್ಟದಾಚೆಯವರು, ಕಂದು. ಈ ಪ್ರಾಂತ್ಯಕ್ಕೆ ಬೋರ್ಡಣ್ಣನದೇ ಜನ, ಹಳದಿ: ನಲವತ್ತೊಂದು ಸಾವಿರದ ಇನ್ನೂರ ಆರು.

ಹಳದಿ ಡಬ್ಬದ ಮುಚ್ಚಳ ತೆಗೆಯುವಾಗ ಅವನಿಗೆ ಸಂಶಯ ಬಂತು. ತನ್ನನ್ನು ಎಣಿಸಿದ್ದು ಸರಿ, ಬಂದವನು ಬಂದವನೇ. ಮಗಳನ್ನೂ ಎಣಿಸಿದ್ದಾರೆಯೇ ಎಂದು ಗುಮಾಸ್ತನನ್ನು ಕೇಳಿದ. ಅಪ್ಪ ಹೊರಗಿನವನಾದರೆ ಮಕ್ಕಳೂ ಹೊರಗಿನವರೇ ಎಂದು ಆತ ಫೈಲಿನಿಂದ ತಲೆಯೆತ್ತದೆ ಹೇಳಿದ.

ಬೋರ್ಡಣ್ಣನಿಗೆ ಮೈಯೆಲ್ಲ ಉರಿದುಹೋಯಿತು. ಮಗಳು ಹುಟ್ಟಿದ್ದು ಪಕ್ಕದ ಬೀದಿಯ ಆಸ್ಪತ್ರೆಯಲ್ಲಿ. ಅವಳ ಮೊದಲ ಅಳು ಕೇಳಿದಾಗ ಅವನು ಅಲ್ಲೇ ಏಣಿಯ ಮೇಲೆ ನಿಂತು ‘ಹೆರಿಗೆ ವಾರ್ಡು’ ಎಂದು ಬರೆಯುತ್ತಿದ್ದ. ಈಗ ಅವಳು ಇದೇ ಗುಮಾಸ್ತನ ಮಕ್ಕಳಿಗೆ ಟೀಚರು. ಮಗ್ಗಿ ಕಲಿಸುವಾಗ ಒಳಗಿನವಳು, ತಲೆ ಎಣಿಸುವಾಗ ಹೊರಗಿನವಳು. ಇದು ಯಾವ ಸೀಮೆಯ ನ್ಯಾಯ?

"ಸಾರ್, ಅವಳೊಬ್ಬಳನ್ನ ತೆಗೀರಿ. ಅವಳು ಎಲ್ಲಿಂದಲೂ ಬಂದೋಳಲ್ಲ."

"ಬಣ್ಣ ಹಚ್ಚೋಕೆ ಬಂದೋನು ಬಣ್ಣ ಹಚ್ಚು. ಮೇಲಿಂದ ಬಂದ ಲೆಕ್ಕ ಇದು. ಒಂದು ತಲೆ ಆಚೆ ಈಚೆ ಆಗೋ ಹಾಗಿಲ್ಲ."

ಬೋರ್ಡಣ್ಣ ಹಲ್ಲು ಕಚ್ಚಿ ಏಣಿ ಹತ್ತಿದ. ಹಳದಿ ಹಚ್ಚಿದ, ಅಂಕಿ ಬರೆಯುತ್ತ ಹೋದ. ಕೊನೆಯಲ್ಲಿ ಆರು ಇರಬೇಕಾದ ಕಡೆ ಐದು ಬರೆದ. ಕದ್ದುಮುಚ್ಚಿ ಅಲ್ಲ, ದಪ್ಪಗೆ, ಬಾಗಿಲಿಂದಲೇ ಕಾಣುವ ಹಾಗೆ. ಯಾರಾದರೂ ಕೇಳಲಿ, ಮುಖದ ಮೇಲೆ ಹೊಡೆದ ಹಾಗೆ ಹೇಳುತ್ತೇನೆ ಎಂದು ಕಾದ.

ಯಾರೂ ಕೇಳಲಿಲ್ಲ. ಉದ್ಘಾಟನೆಯ ದಿನ ದೊಡ್ಡ ಸಾಹೇಬರು ಪರದೆ ಸರಿಸಿ, ಇನ್ನೂರ ಐದು ಎಂದೇ ಗಟ್ಟಿಯಾಗಿ ಓದಿದರು. ಗುಮಾಸ್ತ ಪಕ್ಕದಲ್ಲೇ ನಿಂತು ಚಪ್ಪಾಳೆ ತಟ್ಟಿದ.

ಗೆದ್ದೆ ಎಂದು ಬೋರ್ಡಣ್ಣ ನಗಬೇಕಿತ್ತು. ಸಿಟ್ಟು ಇಮ್ಮಡಿಯಾಯಿತು. ಒಂದು ತಲೆಯನ್ನೂ ಬಿಟ್ಟುಕೊಡಲಾಗದು ಎಂದು ಅಷ್ಟು ಹಟ ಹಿಡಿದವರಿಗೆ, ಮಗಳು ಆ ಲೆಕ್ಕದಲ್ಲಿ ಇಲ್ಲ ಎಂಬುದೇ ಗೊತ್ತಾಗಲಿಲ್ಲ.