ಚಾಕಿ ಬಲೆಯಲ್ಲಿ ತೂರದ ಕೆಂಪು

1992ರಲ್ಲಿ ನಾನು ಚಿಕ್ಕಬಳ್ಳಾಪುರದ ಒಂದು ಆಸ್ಪತ್ರೆಯಲ್ಲಿ ವೈದ್ಯನಾಗಿದ್ದೆ. ಒಂದು ಮಧ್ಯಾಹ್ನ ಜಂಗಮಕೋಟೆ ಕಡೆಯ ಮುನಿರಾಜಪ್ಪ ತನ್ನ ತಮ್ಮ ನಾರಾಯಣಪ್ಪನನ್ನು ಹೊತ್ತು ತಂದ. ಹೊಡೆದವನೂ ಅವನೇ. ತಮ್ಮ ತನ್ನ ಟೊಮೆಟೊ ಬೆಳೆಗೆ ಹೊಡೆದ ಔಷಧಿ ಗಾಳಿಗೆ ಹಾರಿ ಅಣ್ಣನ ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿದ್ದಿತ್ತು. ಅದನ್ನು ತಿಂದು, ಇನ್ನೆರಡು ದಿನಕ್ಕೆ ಗೂಡು ಕಟ್ಟಬೇಕಿದ್ದ ರೇಷ್ಮೆಹುಳುಗಳೆಲ್ಲ ಸತ್ತಿದ್ದವು. ಅಣ್ಣ ಗುದ್ದಲಿ ಕಾವಿನಿಂದ ತಮ್ಮನ ತೊಡೆ, ಬೆನ್ನು ಜಜ್ಜಿದ್ದ.

ಮೂಳೆ ಮುರಿದಿರಲಿಲ್ಲ. ಆದರೆ ಜಜ್ಜಿದ ಮಾಂಸಖಂಡದಿಂದ ಮಯೋಗ್ಲೋಬಿನ್ ಎಂಬ ಕೆಂಪು ಪ್ರೋಟೀನ್ ರಕ್ತಕ್ಕಿಳಿದು ಮೂತ್ರಪಿಂಡಗಳು ಕಟ್ಟಿಕೊಂಡಿದ್ದವು. ಬಂದ ಮೂತ್ರ ಕಾಫಿ ಡಿಕಾಕ್ಷನ್ನಿನಂಥ ನಾಲ್ಕು ಹನಿ. ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತಿತ್ತು. ಹೃದಯ ಯಾವ ಗಳಿಗೆಯಲ್ಲಾದರೂ ನಿಲ್ಲಬಹುದಿತ್ತು. ಬೆಂಗಳೂರಿಗೆ ಕಳಿಸಿದರೆ ದಾರಿಯಲ್ಲೇ ಸಾಯುತ್ತಾನೆಂದು ಪೆರಿಟೋನಿಯಲ್ ಡಯಾಲಿಸಿಸ್ ಶುರುಮಾಡಿದೆ. ಹೊಟ್ಟೆಗೆ ಕೊಳವೆ ತೂರಿಸಿ ದ್ರಾವಣ ತುಂಬಬೇಕು. ಒಳಗಿನ ತೆಳುಪೊರೆಯ ಮೂಲಕ ರಕ್ತದ ಕಲ್ಮಶ ಅದಕ್ಕೆ ಇಳಿಯುತ್ತದೆ. ಅರ್ಧ ಗಂಟೆಯ ಮೇಲೆ ಬಸಿಯಬೇಕು.

ಮಾಂಸದ ಕೆಂಪು ರಕ್ತಕ್ಕಿಳಿದಿದೆ ಎಂದು ಅಣ್ಣನಿಗೆ ಮೊದಲೇ ಹೇಳಿದ್ದೆ. ನಾಲ್ಕು ಸಲ ಬಸಿದರೂ ಬಂದದ್ದು ತಿಳಿಹಳದಿ ನೀರು. ಮುನಿರಾಜಪ್ಪ ನನ್ನ ಕಾಲರ್ ಹಿಡಿದು ಮಂಚದ ಪಕ್ಕದ ಗೋಡೆಗೆ ಒತ್ತಿದ.

"ಕೆಂಪು ಎಲ್ಲಿ ಬಂತ್ರೀ? ಬರೀ ನೀರು ತುಂಬಿ ನನ್ ತಮ್ಮನ್ನ ಸಾಯಿಸ್ತೀರಾ? ಕಿತ್ತಾಕ್ತೀನಿ ಇದನ್ನ!"

ನನಗೂ ಸಿಟ್ಟು ಮೂಗಿನ ತುದಿಯಲ್ಲೇ. "ಸಾಯ್ಸೋಕೆ ಹೊರಟಿದ್ದು ನೀನು ಕಣಯ್ಯಾ!" ಎಂದೆ. ಮುಷ್ಟಿ ನನ್ನ ತುಟಿಯ ಮೇಲೆ ಬಿತ್ತು. ಅವನ ಇನ್ನೊಂದು ಕೈ ಕೊಳವೆಯ ಮೇಲಿತ್ತು. ಎಳೆದರೆ ತಮ್ಮ ಮುಗಿದ.

ಹುಳು ಸಾಕುವವರು ಕಸ ಬೇರ್ಪಡಿಸಲು ತಟ್ಟೆಯ ಮೇಲೆ ಬಲೆ ಹಾಸಿ ಸೊಪ್ಪು ಹರಡುತ್ತಾರೆ. ಹುಳು ಬಲೆಯ ಕಣ್ಣಲ್ಲಿ ತೂರಿ ಮೇಲೆ ಬರುತ್ತದೆ. ಮರಿಹುಳುವಿಗೆ ಸಣ್ಣ ಕಣ್ಣಿನ ಚಾಕಿ ಬಲೆ. ಅದು ಹೇಗೋ ನೆನಪಾಯಿತು. ರಕ್ತ ಉಗುಳಿ ಕೇಳಿದೆ: "ಚಾಕಿ ಬಲೇಲಿ ಗೂಡು ಕಟ್ಟೋ ಹುಳು ತೂರ್ತದಾ?"

"ಇಲ್ಲ."

"ಹೊಟ್ಟೆ ಪೊರೆನೂ ಹಂಗೇ. ಪೊಟ್ಯಾಸಿಯಂ, ಯೂರಿಯಾ ಮರಿಹುಳ, ಬೇಗ ತೂರ್ತವೆ. ಕೊಲ್ಲೋವು ಅವೇ. ಕೆಂಪು ದೊಡ್ಡ ಹುಳ. ಅದನ್ನ ಮೈಯೇ ನಿಧಾನಕ್ಕೆ ಕರಗಿಸ್ಕೋಬೇಕು."

ಅವನ ಕೈ ಸಡಿಲಾಯಿತು. ಆಮೇಲೆ ದ್ರಾವಣದ ಬಾಟಲಿ ಬದಲಿಸುವ ಹೊತ್ತನ್ನು ನರ್ಸಿಗೆ ಅವನೇ ನೆನಪಿಸುತ್ತಿದ್ದ. ಎರಡು ದಿನದಲ್ಲಿ ಪೊಟ್ಯಾಸಿಯಂ ಇಳಿಯಿತು. ಹನ್ನೊಂದನೇ ದಿನ ಮೂತ್ರ ತಿಳಿಯಾಗಿ ಬಂತು. ಪೊಲೀಸರು ಕೇಳಿದಾಗ ನಾರಾಯಣಪ್ಪ "ಮರದಿಂದ ಬಿದ್ದೆ" ಎಂದ.

ಅಂದಿನಿಂದ ರೋಗಿಯ ಕಡೆಯವರ ಕಸುಬೇನೆಂದು ಕೇಳಿ, ಅದರ ಮಾತಲ್ಲೇ ವಿವರಿಸದೆ ನಾನು ಸೂಜಿ ಚುಚ್ಚಿದವನಲ್ಲ. ಮೊದಲೇ ಹಾಗೆ ಹೇಳಿದ್ದರೆ ನನ್ನ ತುಟಿ ಉಳಿಯುತ್ತಿತ್ತು.

ಮನೆಗೆ ಕಳಿಸುವ ದಿನ ಅಣ್ಣ ಹೆಗಲು ಕೊಡಲು ಬಾಗಿದ. ತಮ್ಮ ಗೋಡೆ ಹಿಡಿದು ಎದ್ದ. "ನೀನು ಮುಂದಿನ ಬಸ್ಸಿಗೆ ಬಾ" ಎಂದು ಒಬ್ಬನೇ ಹೊರಟ.

ಮುನಿರಾಜಪ್ಪ ತಮ್ಮ ಹೋದ ದಾರಿ ನೋಡಿ ನನ್ನತ್ತ ತಿರುಗಿದ. "ಇದು ಕರಗೋಕೆ ಎಷ್ಟು ದಿನ ಬೇಕು ಸಾರ್?"