‘ಹುಳ ಮುಟ್ಟೈತೆ’ ಎಂದು ಫೋನಿಗೆ ಕೂಗುವ ಶಿವಲೀಲಾ

ನ್ಯಾಮತಿ ಬಸ್ ನಿಲ್ದಾಣದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮೊದಲ ಬಸ್ಸಿಗೆ ಕಾಯುವವರು ಚಾದರ ಹೊದ್ದು ಕುಳಿತಿದ್ದಾರೆ. ಸ್ಕೂಟರ್ ನಿಲ್ಲಿಸಿದ ಹೆಂಗಸೊಬ್ಬರು ಫೋನನ್ನು ಬಾಯಿಯ ಹತ್ತಿರ ಹಿಡಿದು, ‘ಹುಳ ಮುಟ್ಟೈತೆ, ಏನ್ ಮಾಡ್ಬೇಕು?’ ಎಂದು ಕೂಗುತ್ತಾರೆ. ನಾನು ಬೆಚ್ಚಿಬಿದ್ದು ಎರಡೂ ಕಾಲನ್ನು ಬೆಂಚಿನ ಮೇಲೆ ಎಳೆದುಕೊಳ್ಳುತ್ತೇನೆ. ಚಹಾ ಕಾಸುವವನು ನನ್ನನ್ನು ನೋಡಿ ನಗುತ್ತಾನೆ. ‘ಹೆದರ್ಬ್ಯಾಡ್ರಿ ಸರ್, ಆಯಮ್ಮ ಆಗಾಗ ಬಂದು ಹಿಂಗೇ ಕೂಗ್ತಾರೆ.’

ಈ ಸೀಮೆಯಲ್ಲಿ ಹಾವು ಕಚ್ಚಿತು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೆಸರೆತ್ತಿದರೆ ಅದು ಬಂದೇಬಿಡುತ್ತದೆ ಎಂಬ ಅಂಜಿಕೆ. ‘ಹುಳ ಮುಟ್ಟಿತು’ ಎನ್ನುತ್ತಾರೆ, ಅಷ್ಟೇ. ಫೋನಿಗೆ ಕೂಗಿದ ಶಿವಲೀಲಾ ಅವರಿಗೂ ಅದೇ ಅಭ್ಯಾಸ. ಆ ಅಭ್ಯಾಸವೇ ಒಂದು ಜೀವ ತೆಗೆಯುವುದರಲ್ಲಿತ್ತು ಎಂದು ಕೇಳಿದಾಗ ನನಗೆ ನಂಬಲಾಗಲಿಲ್ಲ.

ಶಿವಲೀಲಾ ಅವರದು ಬಸವಾಪಟ್ಟಣದಲ್ಲಿ ಒಂದು ಸಣ್ಣ ಕೋಣೆ. ಪೆಂಡಾಲ್ ಹಾಕುವವರು, ಬೋರ್‌ವೆಲ್ ಮೋಟಾರು ರಿಪೇರಿಯವರು, ಅಡುಗೆ ಭಟ್ಟರು, ಇಂಥವರಿಗೆಲ್ಲ ವೆಬ್‌ಸೈಟ್ ಮಾಡಿಕೊಡುತ್ತಾರೆ. ಮಾಡುವುದು ಸುಲಭ, ಅದನ್ನು ನಾಲ್ಕು ಜನ ನೋಡುವಂತೆ ಮಾಡುವುದೇ ಕಷ್ಟದ ಕೆಲಸ. ಅದಕ್ಕೆ ಪುಕ್ಕಟೆ ಸಿಗುವ ಸಾಧನಗಳನ್ನೇ ನೆಚ್ಚಿದ್ದಾರೆ. ಜನ ಯಾವ ಮಾತು ಹೇಳಿ ಹುಡುಕುತ್ತಾರೆ ಎಂದು ಒಂದು ತಿಳಿಸುತ್ತದೆ. ಇನ್ನೊಂದು ಅಂಗಡಿಯನ್ನು ಮ್ಯಾಪಿನ ಮೇಲೆ ಕೂರಿಸುತ್ತದೆ. ಬಂದವರು ಎಷ್ಟು ಹೊತ್ತು ನಿಂತರು, ಏನನ್ನು ಒತ್ತಿದರು ಎಂದು ಹೇಳುವುದು ಮತ್ತೊಂದು. ಎಲ್ಲವನ್ನೂ ಫೋನಿನಲ್ಲೇ ನೋಡಿ ಕಲಿತವರು. ಅಂಗಡಿ ಮ್ಯಾಪಿಗೆ ಏರಬೇಕಾದರೆ ಮಾಲೀಕರ ಫೋನಿಗೆ ಬರುವ ಗುಟ್ಟಿನ ನಂಬರು ಕೇಳಬೇಕು. ‘ಓಟಿಪಿ ಕೇಳೋ ಕಳ್ಳಿ ಬಂದ್ಲು ಅಂತ ಬಾಗ್ಲು ಹಾಕ್ಕೋತಿದ್ರು ಸರ್. ಜಗಳೂರಿನಾಗೆ ಒಬ್ರು ಪೊಲೀಸ್ರನ್ನೇ ಕರ್ಸಿದ್ರು’ ಎಂದು ನಗುತ್ತಾರೆ.

ಆ ನಗು ತಿಪ್ಪೇಶಪ್ಪನವರ ಹೆಸರು ಬಂದೊಡನೆ ನಿಂತುಹೋಗುತ್ತದೆ. ತಿಪ್ಪೇಶಪ್ಪ ಉಬ್ರಾಣಿ ಕಡೆಯ ಹಿರಿಯರು. ಮೂಳೆ ಮುರಿದವರಿಗೆ, ಉಳುಕಿದವರಿಗೆ ಕಟ್ಟು ಹಾಕುತ್ತಾರೆ, ಎಣ್ಣೆ ಕೊಡುತ್ತಾರೆ. ಹಾವಿನ ವಿಷಕ್ಕೆ ಅವರ ಹತ್ತಿರ ಯಾವ ಮದ್ದೂ ಇಲ್ಲ. ಅವರ ವೆಬ್‌ಸೈಟಿಗೆ ಜನವೇ ಬರುತ್ತಿರಲಿಲ್ಲ. ಸುತ್ತಲಿನ ಜನ ‘ಹುಳ ಮುಟ್ಟಿದರೆ’ ಎಂದು ಫೋನಿಗೆ ಕೇಳುತ್ತಿರುವುದು ಶಿವಲೀಲಾ ಕಣ್ಣಿಗೆ ಬಿತ್ತು. ಅದೇ ಮಾತನ್ನು ತಿಪ್ಪೇಶಪ್ಪನವರ ಪುಟಕ್ಕೆ ತಲೆಬರಹ ಮಾಡಿ, ಕೆಳಗೆ ಎಲ್ಲಿಂದಲೋ ತಂದ ನಾಲ್ಕು ಸಾಲು ಹಾಕಿಬಿಟ್ಟರು. ‘ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳಾ ಅಂದ್ಕಂಡೆ ಸರ್. ಹುಳಕ್ಕೆ ಅಂತ ಬಂದೋರು ಎಣ್ಣೆನೂ ನೋಡ್ಲಿ ಅಂತ.’

ಆಸ್ಪತ್ರೆಗಳ ಪುಟಗಳೆಲ್ಲ ‘ಹಾವು ಕಡಿತ’ ಎಂದು ಪುಸ್ತಕದ ಭಾಷೆಯಲ್ಲಿವೆ. ಹೀಗಾಗಿ ಜನರ ಬಾಯಿಯ ಮಾತಿಗೆ ಈ ಮೂಳೆ ವೈದ್ಯರ ಪುಟವೇ ಎಲ್ಲಕ್ಕಿಂತ ಮೇಲೆ ಬಂದು ಕುಳಿತಿತು. ಶಿವಲೀಲಾ ಖುಷಿಯಿಂದ ಮನೆಯಲ್ಲಿ ಪಾಯಸ ಮಾಡಿದ್ದರಂತೆ.

ಅದೇ ವಾರ ಹೊನ್ನಾಳಿ ಆಚೆಯ ಗದ್ದೆಯಲ್ಲಿ ಹನುಮಂತಮ್ಮ ಎಂಬ ಕೂಲಿ ಹೆಂಗಸಿಗೆ ಹಾವು ಕಚ್ಚಿತು. ಗಂಡ ನಾಗೇಂದ್ರಪ್ಪ ಫೋನನ್ನು ಕೇಳಿದರು. ಫೋನು ಪುಟ ತೋರಿಸಿತು, ಪುಟದಲ್ಲಿದ್ದ ಬಾಣದ ಗುರುತು ದಾರಿ ತೋರಿಸಿತು. ಪಕ್ಕದ ಮನೆಯವರ ಕಾರಿನಲ್ಲಿ ಹೆಂಡತಿಯನ್ನು ಮಲಗಿಸಿಕೊಂಡು ಹೊನ್ನಾಳಿಯ ಆಸ್ಪತ್ರೆ ದಾಟಿದರು, ಚನ್ನಗಿರಿಯ ಆಸ್ಪತ್ರೆಯನ್ನೂ ದಾಟಿದರು! ಮದ್ದಿರುವ ಎರಡು ಬಾಗಿಲು ದಾಟಿ, ಮದ್ದಿಲ್ಲದ ಬಾಗಿಲಿಗೆ ಹೋಗಿದ್ದಾರೆ.

‘ನನ್ನತ್ರ ಇದಕ್ಕೆ ಮದ್ದಿಲ್ಲ ಕಣಪ್ಪಾ, ಯಾರ್ ಹೇಳಿದ್ರು ನಿಂಗೆ?’ ಎಂದು ತಿಪ್ಪೇಶಪ್ಪ ಕೇಳಿದರಂತೆ. ‘ಫೋನ್ ಹೇಳ್ತು ಅಜ್ಜಾ’ ಎಂದರಂತೆ ನಾಗೇಂದ್ರಪ್ಪ. ಅಜ್ಜ ತಾವೇ ಕಾರು ಹತ್ತಿ ಚನ್ನಗಿರಿಗೆ ವಾಪಸು ಕರೆತಂದರು. ಹನುಮಂತಮ್ಮ ಉಳಿದರು. ಕಚ್ಚಿದ ಬಲಗೈಯ ಬೆರಳುಗಳು ಮಾತ್ರ ಇಂದಿಗೂ ಮಡಚುವುದಿಲ್ಲ, ಕುಡುಗೋಲು ಹಿಡಿಯಲಾಗುವುದಿಲ್ಲ.

‘ಅಜ್ಜ ನನಗೆ ಬೈಯ್ಲಿಲ್ಲ ಸರ್. “ನನ್ ಹೆಸರ್ನಾಗೆ ಏನವ್ವಾ ಬರ್ದಿದ್ದೀಯ?” ಅಂತ ಒಂದೇ ಮಾತು ಕೇಳಿದ್ರು.’

ಶಿವಲೀಲಾ ಪುಟವನ್ನು ಆಗಲೇ ಅಳಿಸಿದರು. ಕೆಲವು ದಿನ ಬಿಟ್ಟು ಅದೇ ಮಾತನ್ನು ಫೋನಿಗೆ ಹೇಳಿ ನೋಡಿದರೆ, ಯಾರೋ ಒಬ್ಬ ಕಚ್ಚಿದ ಜಾಗವನ್ನು ಬ್ಲೇಡಿನಿಂದ ಕೊಯ್ದು ಸೊಪ್ಪು ಅರೆದು ಹಚ್ಚುವ ವಿಡಿಯೊ ಮೇಲಕ್ಕೆ ಬಂದಿತ್ತು. ಅದನ್ನು ನನಗೂ ತೋರಿಸಿದರು. ನೋಡಿದವರ ಲೆಕ್ಕ ಲಕ್ಷಗಳಲ್ಲಿದೆ. ನಾನು ದಂಗಾಗಿ ಫೋನನ್ನು ಅವರಿಗೆ ಹಿಂತಿರುಗಿಸಿದೆ. ‘ನಾನು ಜಾಗ ಖಾಲಿ ಮಾಡಿದ್ದೆ, ಅವ್ನು ಬಂದು ಕುಂತಿದ್ದ ಸರ್’ ಎಂದರು ಶಿವಲೀಲಾ.

ಆ ಜಾಗವನ್ನು ಮತ್ತೆ ಹಿಡಿಯುವುದೇ ಈಗ ಅವರ ಹಟ. ಹೊಸ ಪುಟದಲ್ಲಿ ವೈದ್ಯರ ಹೆಸರಿಲ್ಲ, ಎಣ್ಣೆಯಿಲ್ಲ. ‘ಹುಳ ಮುಟ್ಟಿದರೆ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ’ ಎಂಬ ಮಾತು, ಕೆಳಗೆ ಒತ್ತಿದರೆ ನೇರ 108ಕ್ಕೆ ಹೋಗುವ ಕೆಂಪು ಗುಂಡಿ, ಇಷ್ಟೇ. ಫೋನು ಊರಿಗೊಂದು ಉತ್ತರ ಕೊಡುವುದರಿಂದ ಸ್ಕೂಟರ್ ಏರಿ ಊರೂರು ಸುತ್ತಿ ಕೇಳಿ ನೋಡುತ್ತಾರೆ. ನ್ಯಾಮತಿ, ಸೂರಗೊಂಡನಕೊಪ್ಪ, ಹೊನ್ನಾಳಿಗಳಲ್ಲಿ ಅವರ ಪುಟ ಮೇಲಿದೆ. ಜಗಳೂರಿನಲ್ಲಿ ಇನ್ನೂ ಬ್ಲೇಡಿನವನೇ ಮೇಲೆ. ಅದನ್ನು ಹೇಳುವಾಗ ಅವರಿಗೆ ಸಿಟ್ಟು ತಡೆಯಲಾಗುವುದಿಲ್ಲ. ಈ ಕೆಲಸಕ್ಕೆ ಹಣ ಕೊಡುವವರು ಯಾರೂ ಇಲ್ಲ.

ಬಂದವರು ಪುಟದಲ್ಲಿ ಎಷ್ಟು ಹೊತ್ತು ಇರುತ್ತಾರೆ ಎಂದು ಕೇಳಿದೆ. ಹೆಚ್ಚು ಹೊತ್ತು ನಿಲ್ಲಿಸಿಕೊಂಡವರೇ ಈ ಕಸುಬಿನಲ್ಲಿ ಗೆದ್ದವರಲ್ಲವೇ?

ಶಿವಲೀಲಾ ಫೋನು ಚಾಚಿ ಹಿಂದಿನ ದಿನದ ಒಂದು ಭೇಟಿ ತೋರಿಸುತ್ತಾರೆ. ಹೊನ್ನಾಳಿ ಕಡೆಯ ಯಾರೋ ಪುಟ ತೆರೆದಿದ್ದಾರೆ, ಕೆಂಪು ಗುಂಡಿ ಒತ್ತಿದ್ದಾರೆ, ಆಗಲೇ ಹೊರಟುಹೋಗಿದ್ದಾರೆ. ಅದು ಯಾರು, ಉಳಿದರೋ ಇಲ್ಲವೋ, ಶಿವಲೀಲಾ ಅವರಿಗೆ ತಿಳಿಯುವ ದಾರಿಯಿಲ್ಲ.

‘ನನ್ ಪುಟದಾಗೆ ಯಾರೂ ನಿಲ್ಲಬಾರ್ದು ಸರ್’ ಎನ್ನುತ್ತಾರೆ. ‘ಓದಾಕೂ ನಿಲ್ಲಬಾರ್ದು. ಬಂದೋರು ಬಂದಂಗೇ ಆಸ್ಪತ್ರೆಗೆ ಓಡಬೇಕು.’