ಕತ್ತರಿಯಮ್ಮನ ಆಫೀಸ್ ಸಿನಿಮಾ

ಸ್ಟುಡಿಯೋದಲ್ಲಿ ಎಲ್ಲರೂ ಅವಳನ್ನು ಕತ್ತರಿಯಮ್ಮ ಎಂದು ಕರೆಯುತ್ತಿದ್ದರು. ಆ ಹೆಸರನ್ನು ಯಾರೂ ಪ್ರೀತಿಯಿಂದ ಇಟ್ಟದ್ದಲ್ಲ. ಅವಳೂ ಹಾಗೆಂದು ಭ್ರಮೆಪಟ್ಟವಳಲ್ಲ. ಸಿನಿಮಾ ಸಂಕಲನ ಅವಳ ಕಸುಬು. ಜನರೇಟರ್ ಷೆಡ್ಡಿಗೆ ಒತ್ತಿಕೊಂಡಿದ್ದ ಕಿಟಕಿಯಿಲ್ಲದ ಕೋಣೆ, ಎರಡು ಪರದೆ, ಸ್ಪಂಜು ಹೊರಬಂದ ಒಂದು ಸೋಫಾ: ಇಷ್ಟೇ ಅವಳ ರಾಜ್ಯ. ಊರಿನವರು ನಟನಟಿಯರನ್ನು ಪೋಸ್ಟರಿನಲ್ಲಿ ನೋಡುತ್ತಿದ್ದರು. ಅವಳು ನೋಡುತ್ತಿದ್ದದ್ದು ಅವರು ಮಾತು ಮರೆತು ತಡವರಿಸುವುದನ್ನು, ಅಳುವ ದೃಶ್ಯಕ್ಕೆ ಮೊದಲು ಬಾಯಿ ತೆರೆದು ಆಕಳಿಸುವುದನ್ನು. ಹಾಗಾಗಿ ಅವಳಲ್ಲಿ ಯಾರ ಮೇಲೂ ಗೌರವ ಅನ್ನುವುದು ಉಳಿದಿರಲಿಲ್ಲ. ಒಬ್ಬರು ಪರದೆಯ ಮೇಲೆ ಬಂದರೆ ಸಾಕು, ಅವಳ ಮೂಗಿನ ತುದಿಗೆ ಒಂದು ಸಣ್ಣ ಸುಕ್ಕು ತಾನಾಗಿ ಬಂದು ಕೂರುತ್ತಿತ್ತು.

ಆ ವರ್ಷ ಸಂಕಲನಕ್ಕೆಂದು ಅವಳ ತಲೆಗೆ ಕಟ್ಟಿದ್ದು ಒಂದು ಹಾಸ್ಯ ಚಿತ್ರ. ಒಂದು ವಿಮಾ ಕಚೇರಿ, ಅದರಲ್ಲಿ ಎಂಟು ಜನ ನೌಕರರು, ಎಲ್ಲರೂ ಒಬ್ಬರಿಗೊಬ್ಬರು ಪ್ರಾಣ ಕೊಡುವಷ್ಟು ಒಳ್ಳೆಯವರು. ಬಾಗಿಲು ಮುಚ್ಚಿದ್ದ ಹಳೆಯ ಕಚೇರಿಯೊಂದನ್ನು ಬಾಡಿಗೆಗೆ ಹಿಡಿದು, ಧೂಳು ಒರೆಸಿ, ಮೇಜುಗಳ ಮೇಲೆ ಫೈಲು ಪೇರಿಸಿ ಚಿತ್ರೀಕರಣ ನಡೆಸಿದರು. ನಿರ್ದೇಶಕ ಜೀವಮಾನದಲ್ಲಿ ಒಂದು ದಿನವೂ ಕಚೇರಿಯಲ್ಲಿ ಕೂತು ಕೆಲಸ ಮಾಡಿದವನಲ್ಲ. ಮಾವನ ಸಿನಿಮಾ ಕಂಪನಿಗೆ ಅಳಿಯನಾಗಿ ಬಂದು ನೇರವಾಗಿ ನಿರ್ದೇಶಕನ ಕುರ್ಚಿಯಲ್ಲಿ ಕೂತವನು. ನಗೆಹನಿಗಳನ್ನು ಅವನೇ ಬರೆದಿದ್ದ. ಅವುಗಳಿಗೆ ಮೊದಲು ನಗುತ್ತಿದ್ದವನೂ ಅವನೇ. ಒಳ್ಳೆಯ ಟೇಕ್ ಒಂದು ಬಂತು ಎನ್ನುವಷ್ಟರಲ್ಲಿ ಕ್ಯಾಮೆರಾದ ಹಿಂದಿನಿಂದ ಅವನ ಕಿಸಿಕಿಸಿ ಕೇಳಿಸುತ್ತಿತ್ತು. ಅದನ್ನು ಅಳಿಸಿ ಹಾಕುವುದರಲ್ಲೇ ಕತ್ತರಿಯಮ್ಮನ ಅರ್ಧ ಆಯುಷ್ಯ ಸವೆಯಿತು.

ನಟರು ಒಬ್ಬೊಬ್ಬರಾಗಿ ಅವಳ ಕೋಣೆಗೆ ಎಡತಾಕತೊಡಗಿದರು. ಮೊದಲು ಬಂದವನು ಮ್ಯಾನೇಜರನ ಪಾತ್ರ ಮಾಡಿದ್ದವನು. ಮನೆಮನೆಗೂ ಬೇಕಾದ ನಟ, ಮುಖದಲ್ಲಿ ಸದಾ ತುಪ್ಪ ಸವರಿದಂಥ ನಗು.

"ಅಕ್ಕಾ, ನಾನು ಫೈಲು ಕೆಳಗೆ ಬೀಳಿಸ್ತೀನಲ್ಲ, ಆಮೇಲೆ ಸುಮ್ನೆ ನೋಡ್ತೀನಿ. ಆ ನೋಟಾನ ಮಾತ್ರ ಕತ್ತರಿಸ್ಬೇಡಿ. ಜೀವ ಇರೋದೇ ಅಲ್ಲಿ."

"ಎಷ್ಟು ಹೊತ್ತು ನೋಡ್ತೀರಿ ಗೊತ್ತಾ? ಅಷ್ಟರಲ್ಲಿ ಜನ ಹೊರಗೆ ಹೋಗಿ ಕಾಫಿ ಕುಡಿದು ಬರಬಹುದು."

ಅವನು ಅದನ್ನೇ ಹೊಗಳಿಕೆ ಅಂದುಕೊಂಡು ಹಲ್ಲು ಕಿರಿದು ಹೋದ. ಅವನ ಬೆನ್ನಿಗೇ ಲೆಕ್ಕದವಳ ಪಾತ್ರದ ನಟಿ ಬಂದಳು. ಅವಳು ತನಗಾಗಿ ಏನನ್ನೂ ಕೇಳಲಿಲ್ಲ. "ಆ ಮನುಷ್ಯನ ನೋಟ ತೆಗೆದುಬಿಡಿ ಅಕ್ಕ, ಅಷ್ಟು ಸಾಕು ನಂಗೆ" ಅಂದಳು. ಉಳಿದ ಆರು ಮಂದಿಯೂ ಇದೇ ರಾಗ ಹಾಡಿ ಹೋದರು. ಹೊರಗೆ ಎಲ್ಲರೂ ಹೆಗಲ ಮೇಲೆ ಕೈ ಹಾಕಿಕೊಂಡು ಫೋಟೋಗೆ ನಿಲ್ಲುತ್ತಿದ್ದರು. ಕೋಣೆಯೊಳಗೆ ಬಂದರೆ ಒಬ್ಬರ ಬುಡಕ್ಕೆ ಒಬ್ಬರು ಕೊಡಲಿ.

ಕತ್ತರಿಯಮ್ಮ ಸಿನಿಮಾವನ್ನು ನಿರ್ದೇಶಕ ಹೇಳಿದ ಹಾಗೆಯೇ ಜೋಡಿಸಿ ತೋರಿಸಿದಳು. ನಿರ್ಮಾಪಕರಾದ ಅವನ ಮಾವ ಮಧ್ಯಾಹ್ನದ ಊಟ ಮುಗಿಸಿ ಬಂದಿದ್ದರು. ಮೊದಲ ಹಾಡು ಮುಗಿಯುವ ಮೊದಲೇ ಅವರ ಗೊರಕೆ ಶುರುವಾಯಿತು. ದೀಪ ಹಾಕಿದ ಮೇಲೆ ಕಣ್ಣುಜ್ಜಿಕೊಂಡು, "ಇದರಲ್ಲಿ ನಗೋದು ಎಲ್ಲಿ?" ಎಂದರು.

ಅಳಿಯ ತಡಮಾಡದೆ ಬೆರಳು ತೋರಿಸಿದ. "ನಾನು ಕೊಟ್ಟಿದ್ದು ಬಂಗಾರ, ಮಾವ. ಕಟ್ಟಿಂಗ್‌ನಲ್ಲಿ ಟೈಮಿಂಗ್ ಹೋಗಿದೆ."

ಕತ್ತರಿಯಮ್ಮ ಚೀಲ ಎತ್ತಿಕೊಂಡಳು. ಇಂಥವನ ಜೊತೆ ಜಗಳವಾಡುವುದೂ ಅವನಿಗೆ ಕೊಡುವ ಒಂದು ಮರ್ಯಾದೆ ಎಂದುಕೊಂಡು ಎದ್ದು ಬಂದಳು.

ಮರುದಿನ ಬೆಳಿಗ್ಗೆ, ಬೇಕಾದ ಒಂದು ತುಣುಕನ್ನು ಹುಡುಕುತ್ತಾ ಅವಳು ಟೇಕ್‌ಗಳನ್ನು ತೀರಾ ಆರಂಭದಿಂದ ಓಡಿಸಿದಳು. 'ಆಕ್ಷನ್' ಎಂದು ಕೂಗುವ ಮೊದಲೂ 'ಕಟ್' ಎಂದ ಮೇಲೂ ಕ್ಯಾಮೆರಾ ಸ್ವಲ್ಪ ಹೊತ್ತು ಓಡುತ್ತಲೇ ಇರುತ್ತದೆ. ಆ ಹೊತ್ತಿನಲ್ಲಿ ಮ್ಯಾನೇಜರ್ ನಟ, ಲೆಕ್ಕದವಳ ಕೈಕುಲುಕಿದ್ದ ತನ್ನ ಕೈಯನ್ನು ಮೇಜಿನ ಕೆಳಗೆ ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದ. ಲೆಕ್ಕದವಳು, ಫ್ಯಾನಿನ ಗಾಳಿಗೆ ಏಳುತ್ತಿದ್ದ ಅವನ ವಿಗ್ಗನ್ನೇ ಆಸೆಗಣ್ಣಿನಿಂದ ನೋಡುತ್ತಾ ಫ್ಯಾನನ್ನು ಮೆಲ್ಲಗೆ ಅವನತ್ತ ತಿರುಗಿಸುತ್ತಿದ್ದಳು. ಒಬ್ಬ ಇನ್ನೊಬ್ಬನಿಗೆ "ತುಂಬಾ ಚೆನ್ನಾಗಿ ಮಾಡಿದ್ರಿ" ಎಂದು ಹೇಳಿ, ಅವನು ಬೆನ್ನು ತಿರುಗಿಸಿದ ಕೂಡಲೇ ಕಣ್ಣು ಮೇಲಕ್ಕೆತ್ತಿ ದೇವರನ್ನು ಕೇಳುವವನಂತೆ ಛಾವಣಿ ನೋಡುತ್ತಿದ್ದ. ಬೆಳಕು ಚೆನ್ನಾಗಿ ಬೀಳುತ್ತಿದ್ದ ಒಂದೇ ಕುರ್ಚಿಗಾಗಿ ಮೂವರು, ಏನೂ ಗೊತ್ತಿಲ್ಲದವರ ಹಾಗೆ, ಮೊಣಕಾಲಿನಿಂದ ಗುದ್ದಾಡುತ್ತಿದ್ದರು.

ಬಂಗಾರ ಇಲ್ಲಿತ್ತು. ಕತ್ತರಿಯಮ್ಮ ಯಾರನ್ನೂ ಕೇಳಲಿಲ್ಲ. ನಿರ್ದೇಶಕನ ನಗೆಹನಿಗಳನ್ನು ಒಂದೊಂದಾಗಿ ಕಿತ್ತೆಸೆದು, ಆ ಜಾಗದಲ್ಲಿ ಈ ಚೂರುಗಳನ್ನು ಪೋಣಿಸಿದಳು. ಒಳ್ಳೆಯವರಾಗಿದ್ದ ಎಂಟು ನೌಕರರು ಈಗ ಒಬ್ಬರ ನೆರಳು ಕಂಡರೆ ಒಬ್ಬರಿಗಾಗದ, ಆದರೂ ಒಂದೇ ಸೂರಿನಡಿ ದಿನ ದೂಡಬೇಕಾದ ಎಂಟು ಜನರಾದರು.

ಎರಡನೇ ಸಲ ತೋರಿಸಿದಾಗ ನಟರೂ ಬಂದಿದ್ದರು. ಮೊದಲ ಬಾರಿ ಗೊರಕೆ ಹೊಡೆದಿದ್ದ ನಿರ್ಮಾಪಕರು ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಸಾಲಾಗಿ ಕೂತಿದ್ದ ನಟರ ಮುಖಗಳಲ್ಲಿ ಮಾತ್ರ ರಕ್ತವಿರಲಿಲ್ಲ. ತಮ್ಮ ಗುಟ್ಟು ಇಷ್ಟು ದೊಡ್ಡ ಪರದೆಯ ಮೇಲೆ ಬಿಚ್ಚಿಕೊಂಡದ್ದನ್ನು ನೋಡಿ ಮ್ಯಾನೇಜರ್ ನಟ ಅರ್ಧ ಎದ್ದಿದ್ದ. ಆಗಲೇ ನಿರ್ಮಾಪಕರು ಅವನ ಬೆನ್ನು ತಟ್ಟಿ, "ಆ ಕೈ ಒರೆಸ್ಕೊಳ್ಳೋದು ಇದೆಯಲ್ಲ, ಅಬ್ಬಾ" ಎಂದರು.

ಅವನು ಮತ್ತೆ ಕೂತ. ಮುಖಕ್ಕೆ ತುಪ್ಪ ವಾಪಸು ಬಂತು. "ಅದು ನಾನೇ ಯೋಚನೆ ಮಾಡಿ ಮಾಡಿದ್ದು ಸಾರ್" ಅಂದ. "ಪಾತ್ರದ ಒಳಗೆ ಇಳಿದರೆ ಅಂಥದ್ದೆಲ್ಲ ತಾನಾಗೇ ಬರುತ್ತೆ."

"ಫ್ಯಾನ್ ತಿರುಗಿಸಿದ್ದು ನನ್ನ ಐಡಿಯಾ" ಎಂದಳು ಲೆಕ್ಕದವಳು.

ನಿರ್ದೇಶಕ ಗಂಟಲು ಸರಿಮಾಡಿಕೊಂಡ. "ಕ್ಯಾಮೆರಾ ಆನ್ ಇರಲಿ ಅಂತ ನಾನೇ ಹೇಳಿದ್ದೆ ಮಾವ. ಮೊದಲಿಂದಲೂ ಇದೇ ನನ್ನ ಮನಸ್ಸಿನಲ್ಲಿ ಇದ್ದದ್ದು."

ಎಲ್ಲರ ತಲೆಗಳ ಹಿಂದೆ ಗೋಡೆಗೆ ಒರಗಿ ನಿಂತಿದ್ದ ಕತ್ತರಿಯಮ್ಮನಿಗೆ ಕೋಪ ಬರಲಿಲ್ಲ. ಕೋಪ ಬರಲು ಎದುರಿನಲ್ಲಿ ಮನುಷ್ಯರಿರಬೇಕು. ಹೊಟ್ಟೆಕಿಚ್ಚು ಬಯಲಾದ ನಾಚಿಕೆಯನ್ನೂ ಅರೆನಿಮಿಷದಲ್ಲಿ ಪ್ರತಿಭೆ ಎಂದು ಮಾರಲು ನಿಂತವರನ್ನು ಏನೆಂದು ಕರೆಯುವುದು?

ಚಿತ್ರ ಭರ್ಜರಿಯಾಗಿ ಓಡಿತು. ಟಿವಿಯಲ್ಲಿ ಎಂಟು ಜನರೂ ಒಂದೇ ಸೋಫಾದಲ್ಲಿ ಒತ್ತಿ ಕೂತು, "ನಾವೆಲ್ಲ ಒಂದೇ ಮನೆಯವರ ಹಾಗೆ" ಎಂದರು. ನಿರ್ದೇಶಕ ಮಾನವ ಸ್ವಭಾವದ ಬಗ್ಗೆ ಉಪನ್ಯಾಸ ಕೊಟ್ಟ. ಅವಳ ಹೆಸರು ಚಿತ್ರದ ಕೊನೆಯಲ್ಲಿ, ಜನ ಚಪ್ಪಲಿ ಹುಡುಕುವ ಹೊತ್ತಿನಲ್ಲಿ ಬರುತ್ತಿತ್ತು.

ಒಂದು ಭಾನುವಾರ ಅಮ್ಮನನ್ನು ಮ್ಯಾಟಿನಿಗೆ ಕರೆದುಕೊಂಡು ಹೋದಳು. ಅಮ್ಮ ಟೈಪಿಸ್ಟ್ ಆಗಿ ಒಂದು ಕಚೇರಿಗೆ ಸೇರಿ, ಅಲ್ಲೇ ನಿವೃತ್ತಳಾದವಳು. ಸುತ್ತಲಿನವರೆಲ್ಲ ಬಿದ್ದು ಬಿದ್ದು ನಗುತ್ತಿದ್ದರೆ ಅಮ್ಮ ಮಾತ್ರ ಮಡಿಲಲ್ಲಿ ಕೈ ಕಟ್ಟಿಕೊಂಡು ಕೂತಿದ್ದಳು. ಹೊರಗೆ ಬಂದ ಮೇಲೆ ಕತ್ತರಿಯಮ್ಮ ಕೇಳಿದಳು.

"ಹಿಡಿಸಲಿಲ್ವಾ?"

"ಚೆನ್ನಾಗಿದೆ. ನಿಜ ಇದೆ. ನಮ್ಮ ಹೆಡ್ ಕ್ಲರ್ಕು ಹೀಗೇ ಕೈ ಒರೆಸ್ಕೊಳ್ತಿದ್ದ."

"ಮತ್ತೆ ನಗಲೇ ಇಲ್ಲ ನೀನು."

"ನನ್ನ ಕೈ ಮುಟ್ಟಿ ಒರೆಸ್ಕೊಳ್ತಿದ್ದ ಕಣೇ" ಎಂದಳು ಅಮ್ಮ. "ಆ ಹುಡುಗಿ ಪಾಪ, ಅವನು ಒರೆಸ್ಕೊಂಡಿದ್ದನ್ನ ನೋಡಿದ್ಲು. ಅವಳ ಮುಖ ಒಂದು ಚೂರು ಸಣ್ಣಗಾಯ್ತು. ಅಲ್ಲಿಗೆ ನೀನು ಕಟ್ ಮಾಡಿಬಿಟ್ಟೆ."

ಕತ್ತರಿಯಮ್ಮ ಆ ಮುಖವನ್ನು ನೋಡಿಯೇ ಇದ್ದಳು. ನಗು ಕೆಡುತ್ತದೆ ಎಂದು ಬೇಕೆಂದೇ ಕತ್ತರಿಸಿದ್ದಳು. ಉಳಿದವರ ಸಾಲಿನಲ್ಲಿ ತನಗೂ ಒಂದು ಕುರ್ಚಿ ಇದೆ ಎಂಬುದು ಅವಳಿಗೆ ಸ್ವಲ್ಪವೂ ಹಿತವಾಗಲಿಲ್ಲ.

ಚಿತ್ರದ ಎರಡನೇ ಭಾಗದ ಸಂಕಲನಕ್ಕೆ ಅವಳನ್ನು ಕರೆಯಲು ನಿರ್ದೇಶಕ ಹಾರ ಹಿಡಿದು ಬರುವುದೊಂದು ಬಾಕಿ. ಮೊದಲ ವಾರದ ಚಿತ್ರೀಕರಣ ನೋಡಿ ಹೇಳುತ್ತೇನೆ ಎಂದಳು. ನೋಡಿದರೆ, ನಟರು ಈಗ ಕಲಿತುಬಿಟ್ಟಿದ್ದರು. 'ಆಕ್ಷನ್' ಎನ್ನುವ ಮೊದಲೇ ಕ್ಯಾಮೆರಾದತ್ತ ಓರೆಗಣ್ಣಿಟ್ಟು ಕೈ ಒರೆಸಿಕೊಳ್ಳುತ್ತಿದ್ದರು, ಕಣ್ಣು ಮೇಲಕ್ಕೆತ್ತುತ್ತಿದ್ದರು, ಕುರ್ಚಿಗಾಗಿ ಗುದ್ದಾಡುತ್ತಿದ್ದರು. ಅವರಲ್ಲಿ ಕಲಬೆರಕೆಯಿಲ್ಲದೆ ಉಳಿದಿದ್ದ ಒಂದೇ ಒಂದು ವಸ್ತು ಪರಸ್ಪರ ದ್ವೇಷ, ಅದನ್ನೂ ಕೆಡಿಸಿಕೊಂಡಿದ್ದರು.

"ಹೇಗಿದೆ ಅಕ್ಕ?" ನಿರ್ದೇಶಕ ಕೇಳಿದ.

"ಬೇರೆಯವರನ್ನ ನೋಡ್ಕೊಳ್ಳಿ."

"ಯಾಕೆ, ಏನು ಕಮ್ಮಿಯಾಯ್ತು?"

"ಕಮ್ಮಿ ಏನೂ ಆಗಿಲ್ಲ" ಎಂದು ಪರದೆ ಆರಿಸಿದಳು.

ನಂತರ ಅವಳು ಒಪ್ಪಿಕೊಂಡದ್ದು ಕೊಕ್ಕರೆಗಳ ಮೇಲಿನ ಒಂದು ಸಾಕ್ಷ್ಯಚಿತ್ರ. ಕೆಸರಿನಲ್ಲಿ ಒಂಟಿ ಕಾಲಲ್ಲಿ ನಿಂತ ಹಕ್ಕಿಗಳು. ಯಾವುದೂ ಕೋಣೆಗೆ ಬಂದು ತನ್ನ ನೋಟ ಉಳಿಸಿ ಎನ್ನಲಿಲ್ಲ. ಅಲ್ಲಿ ಅವಳು ಶಾಟ್‌ಗಳನ್ನು ಮೊದಲಿಗಿಂತ ಸ್ವಲ್ಪ ಉದ್ದಕ್ಕೆ ಬಿಡತೊಡಗಿದಳು.

ಎರಡನೇ ಭಾಗ ಬಿಡುಗಡೆಯಾದ ವಾರದಲ್ಲೇ ಮಲಗಿತು. ಒಂದು ಬೆಳಿಗ್ಗೆ ಪೇಪರಿನಲ್ಲಿ ನಿರ್ದೇಶಕನ ಸಂದರ್ಶನ ಬಂದಿತ್ತು. ಅವಳು ಓದಿ ಮಡಚಿಟ್ಟಳು.

"ಏನಂತೆ?" ಅಮ್ಮ ಕೇಳಿದಳು.

"ಸಂಕಲನ ಸರಿಯಿಲ್ಲವಂತೆ."

"ನೀನು ಮಾಡಿಲ್ವಲ್ಲ?"

"ಇಲ್ಲ. ಅವನ ಬಾವಮೈದುನ ಮಾಡಿದ್ದು."

"ಪಾಪ" ಎಂದಳು ಅಮ್ಮ, ಯಾರಿಗೆಂದು ಹೇಳದೆ. ಕತ್ತರಿಯಮ್ಮ ಚೀಲ ಹೆಗಲಿಗೇರಿಸಿಕೊಂಡು ಕೊಕ್ಕರೆಗಳ ಕಡೆಗೆ ಹೊರಟಳು.